ಗೌರಕ್ಕನ ಸ್ವೆಟರೂ ನನ್ನ ನಾಲ್ಕು ಉಂಗುರಗಳೂ

ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವನು. ಆದ್ದರಿಂದ ಕೈಕೆಲಸ ಎಂಬುದು ಯಾವುದೇ ಇರಲಿ, ನನಗೆ ಬಂದೇ ಬರುತ್ತದೆ ಎಂದು ನಂಬಿದ್ದೆ. 'ನಂಬಿದ್ದೆ' ಎಂಬಲ್ಲಿನ ಭೂತಕಾಲವನ್ನು ಓದುಗರು ದಯವಿಟ್ಟು ಗಮನಿಸಬೇಕು.

ನಿಜ ಹೇಳಬೇಕೆಂದರೆ ಆ ಮೂವತ್ತೊಂದು ವರ್ಷಗಳಲ್ಲಿ ನನ್ನ ಪೀರಿಯಡ್ ನನಗೆ ಸಿಕ್ಕಿದ್ದೇ ಕಡಿಮೆ. "ಸಾರ್, ನಮ್ದು ಪೋರ್ಷನ್ ಮುಗ್ದಿಲ್ಲ" ಎಂದು ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ನಿಂತರೆ ಸಾಕು, ನಾನು ಸಂತೋಷದಿಂದ ಜಾಗ ಬಿಟ್ಟುಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಕಣ್ಣು ಮುಚ್ಚುತ್ತಿದ್ದೆ. ಆದರೇನಂತೆ? ಹುಣಸೂರಿನಲ್ಲಿ ಇವತ್ತಿಗೂ ನನ್ನನ್ನು ಕ್ರಾಫ್ಟ್ ಮೇಷ್ಟ್ರು ಎಂದೇ ಕರೆಯುತ್ತಾರೆ. ಊರಿಗೆ ಊರೇ ಹಾಗೆ ಹೇಳುವಾಗ ನಾನೊಬ್ಬ ಯಾಕೆ ಅನುಮಾನಪಡಲಿ?

ನಾನು ನಿವೃತ್ತನಾದ ಮೇಲೆ ನನ್ನ ಹೆಂಡತಿ ಪಾರ್ವತಿ ಹೆಣಿಗೆ ಕಲಿಯಲು ಶುರುಮಾಡಿದಳು. ದಿನವಿಡೀ ನನ್ನ ಮುಖ ನೋಡುವುದಕ್ಕಿಂತ ಉಲ್ಲನ್ ನೋಡುವುದು ಮೇಲು ಎನಿಸಿರಬೇಕು. ಕೊಡಗಿನ ಕಡೆಯ ಪೊನ್ನಮ್ಮ ಎಂಬವರು ನಮ್ಮ ಬಡಾವಣೆಯಲ್ಲಿದ್ದಾರೆ. ಚಳಿಸೀಮೆಯವರು, ಕೈಯಲ್ಲಿ ಕಡ್ಡಿ ಹಿಡಿದೇ ಹುಟ್ಟಿದವರ ಹಾಗೆ ಹೆಣೆಯುತ್ತಾರೆ. ಪ್ರತಿ ಶನಿವಾರ ಮಧ್ಯಾಹ್ನ ಎಂಟು ಜನ ಹೆಂಗಸರು ಅವರ ಜೊತೆ ನಮ್ಮ ಮನೆಯ ಹಾಲಿನಲ್ಲಿ ಕೂತು ಹೆಣೆಯುತ್ತಾರೆ. ಆ ಹೊತ್ತಿನಲ್ಲಿ ನನ್ನ ಜಾಗ ಜಗಲಿ.

ಹೀಗಿರುವಾಗ ಒಂದು ದಿನ ಬೆಟ್ಟದಪುರದಿಂದ ಗೌರಕ್ಕನ ಫೋನು ಬಂತು. ಗೌರಕ್ಕ ಪಾರ್ವತಿಯ ಅಕ್ಕ. ತಾಯಿ ತೀರಿಕೊಂಡಾಗ ಪಾರ್ವತಿಗೆ ನಾಲ್ಕು ವರ್ಷವಂತೆ. ಅಕ್ಕ ಶಾಲೆ ಬಿಟ್ಟು ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದರಂತೆ. ಅಂಥ ಗೌರಕ್ಕ ಇಷ್ಟು ವರ್ಷದಲ್ಲಿ ನಮ್ಮಿಂದ ಒಂದು ಹೂವಿನ ಎಸಳನ್ನೂ ಕೇಳಿದವರಲ್ಲ. ಸೀರೆ ತೆಗೆದುಕೊಂಡು ಹೋದರೆ "ನಂಗ್ಯಾಕವ್ವ ಇದು" ಎಂದು ಅದನ್ನು ಪಾರ್ವತಿಯ ಬ್ಯಾಗಿಗೇ ವಾಪಸು ತುರುಕುತ್ತಿದ್ದರು. ಅವರು ಅವತ್ತು ಮೊದಲ ಸಲ ಬಾಯಿಬಿಟ್ಟು ಕೇಳಿದರು.

"ಪಾರಿ, ನೀನು ಸೆಟ್ರು ಹಾಕದು ಕಲ್ತಿದ್ದೀಯಂತಲ್ಲ. ನಂಗೂ ಒಂದು ಆಕ್ಕೊಡವ್ವ. ಈ ವರ್ಸ ಯಾಕೋ ಚಳಿ ತಡೆಯಕ್ಕಾಯ್ತಿಲ್ಲ."

ಫೋನಿಟ್ಟ ಪಾರ್ವತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಡಿಗೆ ಹೋಗಿ ಹಾಲಿನ ಬಣ್ಣದ ಉಲ್ಲನ್ ತಂದಳು. ನಾನು ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ಪಾಠ. ಗೌರಕ್ಕನ ಸ್ವೆಟರನ್ನು ಕುತ್ತಿಗೆಯಿಂದ ಶುರುಮಾಡಿ ಕೆಳಮುಖವಾಗಿ, ಸುತ್ತಲೂ ಒಂದೇ ಸಮ ಹೆಣೆಯಬೇಕಿತ್ತು. ಎದೆ ಯಾವುದು, ಬೆನ್ನು ಯಾವುದು, ಎರಡು ತೋಳು ಯಾವುವು ಎಂದು ತಿಳಿಯಲು ಕಡ್ಡಿಯ ಮೇಲೆ ನಾಲ್ಕು ಕಡೆ ಗುರುತು ಹಾಕಿಕೊಳ್ಳುತ್ತಾರೆ. ಗುರುತು ಬಂದಾಗಲೆಲ್ಲ ಅದರ ಆಚೆ ಒಂದು, ಈಚೆ ಒಂದು ಕುಣಿಕೆ ಹೆಚ್ಚಿಸಬೇಕು. ಗುರುತಿದ್ದರೆ ಮತ್ತೆ ಮತ್ತೆ ಎಣಿಸುವ ಗೋಜಿಲ್ಲ. ನಮ್ಮ ಹೆಂಗಸರೆಲ್ಲ ಇದಕ್ಕೆ ಬಣ್ಣದ ದಾರದ ತುಂಡು ಕಟ್ಟಿಕೊಳ್ಳುತ್ತಿದ್ದರು. ಒಂದು ಶನಿವಾರ ಪೊನ್ನಮ್ಮ ಎಲ್ಲಿಂದಲೋ ತರಿಸಿದ ಹೊಸ ಗುರುತುಗಳನ್ನು ತೋರಿಸಿದರು. ಬೆರಳುಗುರಿನಷ್ಟು ಪುಟ್ಟ ಉಂಗುರಗಳು, ಒಂದೊಂದಕ್ಕೂ ಒಂದೊಂದು ಮಣಿ ತೂಗುಬಿಟ್ಟಿದೆ. ಎಂಟೂ ಜನ "ಅಯ್ಯೋ ಎಷ್ಟು ಚೆಂದ!" ಎಂದರು. ಪಾರ್ವತಿಯ ದನಿ ಎಲ್ಲಕ್ಕಿಂತ ಜೋರಾಗಿತ್ತು. ಜಗಲಿಯಲ್ಲಿದ್ದ ನನಗೆ ಕೇಳಿಸಿತು.

ಅವರೆಲ್ಲ ಹೋದ ಮೇಲೆ ಹೇಳಿದೆ. "ಇದೇನ್ ಮಹಾ ವಿದ್ಯೆ? ತಂತಿ ಸುತ್ತೋದು, ಮಣಿ ಪೋಣಿಸೋದು. ನಾನು ಮಾಡ್ಕೊಡ್ತೀನಿ."

"ಬ್ಯಾಡ ಬುಡಿ. ನಂಗೆ ದಾರನೇ ಸಾಕು."

"ನಾನು ಕ್ರಾಫ್ಟ್ ಮೇಷ್ಟ್ರು ಕಣೇ!"

"ಅದಕ್ಕೇ ಬ್ಯಾಡ ಅಂದಿದ್ದು."

ಮಾರನೆಯ ದಿನವೇ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿರುವ ಮಹದೇವ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ಮೀಸೆಯೇ ನರೆತಿದೆ. ತಾಮ್ರದ ತಂತಿ ಬೇಕು ಎಂದೆ.

"ಕೊಡಾಣ ಸಾ. ಎಷ್ಟ್ ಎಚ್‌ಪಿ ಮೋಟ್ರು?"

"ಮೋಟ್ರಲ್ಲಪ್ಪ, ಸ್ವೆಟರು."

ಮಹದೇವ ಸ್ಟೂಲು ಎಳೆದು ಕೂರಿಸಿ, "ಬಿಸ್ಲಲ್ಲಿ ಬಂದಿದ್ದೀರಿ, ನೀರ್ ಕುಡೀರಿ ಸಾ" ಎಂದ.

ಮೊದಲ ಕಂತಿನ ಉಂಗುರಗಳನ್ನು ಪೆನ್ನಿನ ರೀಫಿಲ್ಲಿಗೆ ಸುತ್ತಿ ಮಾಡಿದೆ. ನೋಡಲು ಮುದ್ದಾಗಿದ್ದವು. ಕಡ್ಡಿಗೆ ಮಾತ್ರ ಹೋಗಲಿಲ್ಲ. "ನಿನ್ನ ಕಡ್ಡಿ ದಪ್ಪ ಆಯ್ತು" ಎಂದೆ. ಎರಡನೆಯ ಕಂತನ್ನು ಪೊರಕೆಯ ಹಿಡಿಗೆ ಸುತ್ತಿದೆ. ಅವು ಬಳೆಗಳಾದವು! ಮೂರನೆಯ ಸಲ ಬುದ್ಧಿ ಓಡಿಸಿ, ಅಳತೆ ತಪ್ಪಲೇಬಾರದೆಂದು, ಅವಳದೇ ಒಂದು ಕಡ್ಡಿಯನ್ನು ತೆಗೆದುಕೊಂಡು ಅದಕ್ಕೇ ತಂತಿ ಬಿಗಿದು ಇಕ್ಕಳದಿಂದ ತಿರುವಿದೆ. ಉಂಗುರ ಅಳತೆಗೆ ಸರಿಯಾಗಿ ಬಂತು. ಕಡ್ಡಿಯ ಮೈಯೆಲ್ಲ ಗೀರು ಬಿದ್ದು, ಮೇಲಿನ ಉಲ್ಲನ್ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತುಬಿಟ್ಟಿತು. ಹೊಸ ಕಡ್ಡಿ ತರಲು ಪಾರ್ವತಿ ಮೈಸೂರಿನವರೆಗೆ ಹೋಗಿಬಂದಳು. ಬಂದವಳು ಕಡ್ಡಿಯನ್ನು ಗಾಡ್ರೇಜಿನೊಳಗೆ, ಮನೆಪತ್ರದ ಪಕ್ಕದಲ್ಲಿಟ್ಟು ಬೀಗ ಹಾಕಿದಳು.

ಉಂಗುರವೇನೋ ಸಿದ್ಧವಾಯಿತು. ಇನ್ನು ಅಲಂಕಾರ. ಬಳೆ ಅಂಗಡಿಯಲ್ಲಿ ಮಣಿ ಹುಡುಕುತ್ತಿದ್ದಾಗ ಕಾಳುಮೆಣಸಿನಷ್ಟು ಪುಟ್ಟ ಗೆಜ್ಜೆಗಳು ಕಣ್ಣಿಗೆ ಬಿದ್ದವು. ಮಣಿ ಯಾರು ಬೇಕಾದರೂ ಹಾಕುತ್ತಾರೆ. ಗೆಜ್ಜೆ ಹಾಕುವವನು ಕಲಾವಿದ! ಎರಡು ದಿನ ಬೆನ್ನು ಬಗ್ಗಿಸಿ ಕೂತು ಮೂವತ್ತೆರಡು ಗೆಜ್ಜೆಯುಂಗುರ ಮಾಡಿ, ಶನಿವಾರ ಎಂಟು ಜನಕ್ಕೂ ತಲಾ ನಾಲ್ಕರಂತೆ ಹಂಚಿದೆ. ಪೊನ್ನಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಚೆಂದ ಉಂಟು ಮೇಷ್ಟ್ರೇ" ಎಂದರು. ನಾನು ಜಗಲಿಗೆ ಹೋಗಿ ಕಾಲಮೇಲೆ ಕಾಲು ಹಾಕಿಕೊಂಡು ಕೂತೆ.

ಒಳಗೆ ಹೆಣಿಗೆ ಶುರುವಾಯಿತು. ಎಂಟು ಹೆಂಗಸರು, ಮೂವತ್ತೆರಡು ಗೆಜ್ಜೆ. ಕಡ್ಡಿ ಅಲ್ಲಾಡಿದಂತೆಲ್ಲ ಝಲ್ ಝಲ್ ಝಲ್. ಎಣಿಸುತ್ತಿದ್ದವರ ಎಣಿಕೆ ತಪ್ಪಿತು. ಒಬ್ಬರು ಹನ್ನೆರಡರಿಂದ ಇಪ್ಪತ್ತಕ್ಕೆ ಹಾರಿದರು. ಮತ್ತೊಬ್ಬರು ತಲೆ ಹಿಡಿದುಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯ ನಂಜಮ್ಮನವರು ಮೊರದಲ್ಲಿ ಒಂದು ಸೇರು ಅಕ್ಕಿ ಹಿಡಿದುಕೊಂಡು ನಮ್ಮ ಗೇಟಿನ ಒಳಗೆ ಬಂದರು.

"ಎಲ್ಲ್ ಮೇಷ್ಟ್ರೇ ಬಸ್ವ?"

"ಯಾವ ಬಸವ?"

"ಕೋಲೆ ಬಸ್ವ ಬಂದದಲ್ಲ! ಆಗ್ಲಿಂದ ಗೆಜ್ಜೆ ಸದ್ದು ಕೇಳ್ತಾ ಅದೆ. ಅಕ್ಕಿ ಆಕಣ ಅಂತ ಬಂದೆ."

ಒಳಗಿನ ಝಲ್ ಝಲ್ ಒಮ್ಮೆಗೇ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಉಂಗುರಗಳನ್ನು ಕಳಚಿ ಟೀಪಾಯಿಯ ಮೇಲಿಟ್ಟರು. ಪೊನ್ನಮ್ಮ ಹೋಗುವಾಗ ನನ್ನ ಹತ್ತಿರ ಬಂದು, "ಮಾರಾಯ್ರೇ, ಬೇಜಾರು ಮಾಡ್ಬೇಡಿ. ಒಂದು ಶನಿವಾರ ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂದರು. ಪಾರ್ವತಿ ಮಾತ್ರ ನೇರವಾಗಿ ಹೇಳಿದಳು. "ಇನ್ನು ನನ್ ಹೆಣಿಗೆ ಹತ್ರ ಬರ್ಬೇಡ್ರೀ. ಕೈ ಮುಗೀತೀನಿ."

ಕೈ ಮುಗಿಸಿಕೊಂಡ ಮೇಲೆ ಮನುಷ್ಯ ಸುಮ್ಮನಿರಬೇಕಲ್ಲವೇ? ನಾನು ಹದಿನೈದು ದಿನ ಸುಮ್ಮನಿದ್ದೆ. ಆದರೆ ಆ ಹದಿನೈದು ದಿನವೂ ಪಾರ್ವತಿ ಊಟ ಮುಗಿಸಿ ಕಿಟಕಿಯ ಪಕ್ಕ ಕೂತು, ಅಕ್ಕನಿಗಾಗಿ ಒಂದೊಂದೇ ಸಾಲು ಹೆಣೆಯುವುದನ್ನು ನೋಡುತ್ತಿದ್ದೆ. ಕಡ್ಡಿಯ ಮೇಲೆ ಆ ನಾಲ್ಕು ಮಾಸಿದ ದಾರದ ತುಂಡುಗಳು. ಅಂಥ ಅಕ್ಕನಿಗೆ, ಅಂಥ ಸ್ವೆಟರಿಗೆ, ಇಂಥ ಗುರುತೇ? ನನ್ನ ಮನಸ್ಸು ತಡೆಯಲಿಲ್ಲ. ಒಬ್ಬನೇ ಕೂತು, ಗೆಜ್ಜೆ ಇಲ್ಲದೆ, ಕೆಂಪು ಮಣಿಯ ನಾಲ್ಕೇ ನಾಲ್ಕು ಉಂಗುರ ಮಾಡಿದೆ. ತುದಿ ಚುಚ್ಚದಂತೆ ಉಜ್ಜಿ ನುಣುಪು ಮಾಡಿದೆ. ಬೇಕೆಂದಾಗ ಬಿಚ್ಚಿ ಮುಚ್ಚುವಂತೆ ಸಣ್ಣ ಕೊಕ್ಕೆ ಇಟ್ಟೆ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಕೈಕೆಲಸ ಅದೊಂದೇ. ಉಂಗುರಗಳಲ್ಲಿ ಇವತ್ತಿಗೂ ಯಾವ ದೋಷವೂ ಇಲ್ಲ. ದೋಷವೆಲ್ಲ ಅವನ್ನು ಹಾಕಿದವನದು.

ಒಂದು ಬೆಳಿಗ್ಗೆ ಪಾರ್ವತಿ ರಾಗಿ ಬೀಸಿಸಲು ಗಿರಣಿಗೆ ಹೋದಳು. ಗಾಡ್ರೇಜಿಗೆ ಬೀಗ ಹಾಕಲು ಮರೆತಿದ್ದಳು. ನಾನು ಒಳಗಿದ್ದ ಸ್ವೆಟರನ್ನು ಮೆಲ್ಲಗೆ ತೆಗೆದು ಮೇಜಿನ ಮೇಲೆ ಹರಡಿದೆ. ಹರಡಿ ನೋಡಿದರೆ ಏನು ಹೇಳಲಿ! ದಾರದ ತುಂಡುಗಳು ಎಲ್ಲೆಂದರಲ್ಲಿ ಇದ್ದವು. ಎರಡರ ನಡುವೆ ಅಗಲ, ಇನ್ನೆರಡರ ನಡುವೆ ಕಿರಿದು, ಮತ್ತೆ ಅಗಲ, ಮತ್ತೆ ಕಿರಿದು. ಅಯ್ಯೋ ಪಾಪ, ವಯಸ್ಸಾಯಿತು, ಕಣ್ಣು ಮಂದವಾಗಿದೆ, ತಪ್ಪು ಜಾಗದಲ್ಲಿ ಕಟ್ಟಿಕೊಂಡಿದ್ದಾಳೆ ಎಂದು ಮರುಕಪಟ್ಟೆ. ನಾಲ್ಕು ದಾರವನ್ನೂ ಕತ್ತರಿಸಿ ಎಸೆದೆ. ಕುಣಿಕೆಗಳನ್ನು ಎಣಿಸಿದೆ. ಒಟ್ಟು ನೂರ ಅರವತ್ತು. ನಾಲ್ಕರಿಂದ ಭಾಗಿಸಿದೆ. ನಲವತ್ತು. ಶೇಷ ಸೊನ್ನೆ! ಶೇಷ ಸೊನ್ನೆ ಬಂದ ಲೆಕ್ಕ ತಪ್ಪಾಗಲು ಹೇಗೆ ಸಾಧ್ಯ? ನಲವತ್ತು ಕುಣಿಕೆಗೊಂದರಂತೆ ನನ್ನ ನಾಲ್ಕು ಉಂಗುರ ಸಿಕ್ಕಿಸಿದೆ. ನಾಲ್ಕು ದಿಕ್ಕಿಗೆ ನಾಲ್ಕು ದೀಪ ಹಚ್ಚಿಟ್ಟ ಹಾಗೆ ಕಂಡಿತು.

ಗಿರಣಿಯಿಂದ ಬಂದ ಪಾರ್ವತಿ ಮೊದಲು ಬೆಚ್ಚಿದಳು. ಆಮೇಲೆ ಹತ್ತಿರ ಹೋಗಿ ನೋಡಿದಳು. ಒಂದು ಮಣಿಯನ್ನು ಬೆರಳಿನಿಂದ ಮುಟ್ಟಿದಳು.

"ಯಾವಾಗ್ ಮಾಡಿದ್ರಿ ಇದ್ನ?"

"ಮಾಡ್ದೆ. ಗೌರಕ್ಕನ ಸ್ವೆಟರಲ್ವಾ."

"ಚೆನ್ನಾಗದೆ ಕಣ್ರೀ" ಎಂದಳು. ದನಿ ಮೆತ್ತಗಾಗಿತ್ತು. "ಸರಿಯಾದ್ ಜಾಗದಲ್ಲೇ ಹಾಕಿದ್ದೀರಿ ತಾನೆ?"

"ಸರಿಯಾದ ಜಾಗದಲ್ಲೇ" ಎಂದೆ. ಮೊದಲು ಇದ್ದ ಜಾಗದಲ್ಲೇ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ನನಗೆ ಸಕ್ಕರೆ ಕಾಯಿಲೆ ಇರುವುದನ್ನೂ ಮರೆತು ಒಂದು ಚಮಚ ಸಕ್ಕರೆ ಹಾಕಿ ಕಾಫಿ ಕೊಟ್ಟಳು. ನಲವತ್ತು ವರ್ಷದ ದಾಂಪತ್ಯದಲ್ಲಿ ಅಂಥ ಕಾಫಿ ಕುಡಿದ ನೆನಪಿಲ್ಲ.

ಇಂಥ ಹೊತ್ತಿಗೆ ತಡೆಯಬೇಕಾದವರು ಊರಿನಲ್ಲಿರಬೇಕಲ್ಲ! ಪೊನ್ನಮ್ಮ ಕಾಫಿ ಕೊಯ್ಲು ಎಂದು ಕೊಡಗಿಗೆ ಹೋದವರು ಒಂದೂವರೆ ತಿಂಗಳು ಈ ಕಡೆ ಬರಲಿಲ್ಲ. ಪಾರ್ವತಿಗೆ ಇದು ಕುತ್ತಿಗೆಯಿಂದ ಹೆಣೆಯುವ ಮೊದಲ ಸ್ವೆಟರು. ಗುರು ಪೊನ್ನಮ್ಮನ ಮಾತನ್ನು ನಂಬಿ, ಕೆಂಪು ಮಣಿ ಬಂದಲ್ಲೆಲ್ಲ ಆಚೆ ಒಂದು ಈಚೆ ಒಂದು ಹೆಚ್ಚಿಸುತ್ತ ಹೋದಳು. ಒಮ್ಮೆ ಕೇಳಿದಳು. "ಏನ್ರೀ, ಈ ಗೆರೆ ಇಲ್ಲಿಗಂಟ ನೆಟ್ಟಗೆ ಬಂದು ಆಮೇಲೆ ಪಕ್ಕಕ್ಕೆ ಹೋದಂಗದಲ್ಲ?"

"ನಿನ್ನ ಕನ್ನಡಕ ಬದಲಾಯಿಸ್ಬೇಕು" ಎಂದೆ.

ಇನ್ನೊಮ್ಮೆ ತೋಳು ನೋಡಿ, "ಇದ್ಯಾಕೋ ದೊಡ್ಡದಾಯ್ತು" ಎಂದಳು.

"ಗೌರಕ್ಕನದು ರಾಗಿ ಬೀಸಿದ ತೋಳು. ಬೇಕಾಗುತ್ತೆ ಬಿಡು."

ಅವಳು ನಂಬಿದಳು. ಒಬ್ಬರನ್ನು ನಂಬುವುದೆಂದರೆ ಎಷ್ಟು ಅಪಾಯ ನೋಡಿ.

ಸ್ವೆಟರು ಮುಗಿದ ವಾರ ಇಬ್ಬರೂ ಬಸ್ಸು ಹತ್ತಿ ಬೆಟ್ಟದಪುರಕ್ಕೆ ಹೋದೆವು. ಪಾರ್ವತಿ ಅದನ್ನು ಒಗೆದ ಪಂಚೆಯಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಕಾಲಿಟ್ಟ ಕೂಡಲೇ ಗೌರಕ್ಕ ಕೈಚಾಚಿದರು. ಮುಟ್ಟಿ ನೋಡಿ, ಕೆನ್ನೆಗೊತ್ತಿಕೊಂಡು, "ಬೆಣ್ಣೆ ಇದ್ದಂಗದೆ ಕಣ್ ಮಗಾ" ಎಂದರು. ಪಾರ್ವತಿಯ ಮುಖ ನೋಡಬೇಕಿತ್ತು. ನಾಲ್ಕು ವರ್ಷದ ಮಗುವಿನ ಮುಖ!

ಗೌರಕ್ಕ ತಲೆ ತೂರಿಸಿದರು. ತಲೆ ಒಳಗೆ ಹೋಯಿತು. ಎಡಗೈ ಎಡತೋಳಿಗೆ ಹೋಯಿತು. ಹೋದದ್ದು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಬಲಗೈಯೂ ಹಾಗೆಯೇ ಕಣ್ಮರೆಯಾಯಿತು. ಎದೆಯ ಹತ್ತಿರ ಬಂದು ಸ್ವೆಟರು ನಿಂತಿತು. ಕೆಳಗೆ ಎಳೆದರೆ ಇಳಿಯದು, ಮೇಲೆ ಎತ್ತಿದರೆ ಬಾರದು. ತೋಳುಗಳು ಮಾತ್ರ ಎರಡು ಪಕ್ಕದಲ್ಲಿ ರಾಗಿಮೂಟೆಯ ಚೀಲಗಳ ಹಾಗೆ ಇಳಿಬಿದ್ದಿದ್ದವು. ಬಿಡಿಸಲು ಹೋಗಿ ಪಾರ್ವತಿ ಮೇಲಕ್ಕೆ ಎಳೆದಳು, ಅಕ್ಕನ ತಲೆ ಮತ್ತೆ ಒಳಗೆ ಹೋಯಿತು. ಒಳಗಿನಿಂದ ದನಿ ಬಂತು.

"ಪಾರೀ, ಎಲ್ಲವ್ವ ಬೆಳಕು?"

ನಾನೂ ಸೇರಿ ಎಳೆದು ಹೊರಗೆ ತಂದೆವು. ಗೌರಕ್ಕ ಏದುಸಿರುಬಿಡುತ್ತ ಮಂಚದ ಮೇಲೆ ಕೂತು, ಕೂದಲು ಸರಿಮಾಡಿಕೊಂಡು ನಕ್ಕರು. "ತೋಳ್ ಸರಿಯಾಗದೆ ಕಣೆ. ಒಂದೊಂದ್ರಲ್ಲೂ ಒಬ್ಬೊಬ್ರು ತೂರ್ಬೋದು. ಮೈ ತೂರ್ಸಕ್ಕೇ ಯಾರಾದ್ರೂ ಸಣ್ಣೋರ್ನ ನೋಡ್ಬೇಕು."

ಪಾರ್ವತಿ ನಗಲಿಲ್ಲ. ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ, "ನಂಗೆ ಬರಲ್ಲಕ್ಕ. ಕಲ್ತೀನಿ ಅನ್ಕೊಂಡಿದ್ದೆ. ವಯಸ್ಸಾಯ್ತು, ಎಣಿಸೋದೂ ತಪ್ಪೋಯ್ತದೆ. ನೀನ್ ಒಂದೇ ಒಂದ್ಸಲ ಕೇಳಿದ್ದು, ಅದೂ ನನ್ ಕೈಲಾಗ್ಲಿಲ್ಲ" ಎಂದಳು. ಕಣ್ಣಿಂದ ಒಂದು ಹನಿ ಆ ಹಾಲುಬಣ್ಣದ ಉಲ್ಲನ್ ಮೇಲೆ ಬಿತ್ತು.

ಆಗ ನನಗೆ ಹೊಳೆಯಿತು. ಮನುಷ್ಯನ ಎದೆಯೂ ತೋಳೂ ಒಂದೇ ಅಗಲವಲ್ಲ! ಅಗಲ, ಕಿರಿದು, ಅಗಲ, ಕಿರಿದು. ಬೆನ್ನು, ತೋಳು, ಎದೆ, ತೋಳು. ಅವಳು ದಾರ ಕಟ್ಟಿದ್ದು ಸರಿಯಾಗಿಯೇ ಇತ್ತು. ಅರವತ್ತಮೂರು ವರ್ಷ ಅಂಗಿ ತೊಟ್ಟು ಓಡಾಡಿದವನಿಗೆ ಇಷ್ಟು ತಿಳಿಯದೆ ಹೋಯಿತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಹಾಗೇ ಇರೋಣ ಎಂದೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಪಾರ್ವತಿ ಮೂಗು ಒರೆಸಿಕೊಂಡ ರೀತಿ ನೋಡಿ ಕೂರಲಾಗಲಿಲ್ಲ.

"ಅವಳದ್ದೇನೂ ತಪ್ಪಿಲ್ಲ ಗೌರಕ್ಕ. ಗುರುತು ಕಿತ್ತು ಬೇರೆ ಕಡೆ ಹಾಕಿದ್ದು ನಾನು" ಎಂದೆ. "ಸಮವಾಗಿರಲಿ ಅಂತ ನಾಲ್ಕರಿಂದ ಭಾಗಿಸ್ಬಿಟ್ಟೆ."

ಪಾರ್ವತಿ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಗೌರಕ್ಕನೇ ಮಾತಾಡಿದರು. "ಭಾಗ ಮಾಡದು ದಾಯಾದಿಗಳ ಕೆಲ್ಸ ಮೇಷ್ಟ್ರೇ. ನಿಮ್ಗ್ಯಾಕ್ ಬೇಕಿತ್ತು?" ಆಮೇಲೆ ತಂಗಿಯ ಕಡೆ ತಿರುಗಿ, "ಬಿಚ್ಚಿ ಇನ್ನೊಂದ್ಸಲ ಆಕವ್ವ. ನಾನೇನ್ ನಾಳೆನೇ ಸಾಯ್ತೀನಾ? ಬರೋ ಚಳಿಗಂಟ ಕಾಯ್ತೀನಿ. ಬೇಕು ಅಂದ್ರೆ ಬೇಕೇ ನಂಗೆ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದಾಗ ಪಾರ್ವತಿ "ಹುಣಸೂರು ಒಂದು" ಎಂದಳು. ನನ್ನ ಟಿಕೆಟನ್ನು ನಾನೇ ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ ಬಿಚ್ಚುವ ಕಾರ್ಯಕ್ರಮ ಶುರುವಾಯಿತು. ಸ್ವೆಟರು ಬಿಚ್ಚಿದರೆ ಉಲ್ಲನ್ ಗುಂಗುರು ಗುಂಗುರಾಗಿ ಬರುತ್ತದೆ. ಅದನ್ನು ಎರಡು ಕಂಬದ ನಡುವೆ ಸುತ್ತಿದಂತೆ ಸುತ್ತಿ, ಕಟ್ಟಿ, ನೆನೆಸಿ, ಒಣಗಿಸಿ, ಮತ್ತೆ ಉಂಡೆ ಮಾಡಬೇಕು. ಪಾರ್ವತಿ ನನ್ನನ್ನು ಎದುರಿಗೆ ಕೂರಿಸಿ, ಎರಡೂ ಕೈಯನ್ನು ಮುಂದೆ ಚಾಚಿಸಿ, ಅವುಗಳಿಗೆ ಉಲ್ಲನ್ ಸುತ್ತತೊಡಗಿದಳು. ಅರ್ಧ ಗಂಟೆಗೆ ತೋಳು ನೋಯಿತು. ಒಂದು ಗಂಟೆಗೆ ಭುಜ ನೋಯಿತು.

"ಕುರ್ಚಿಯ ಬೆನ್ನಿಗೂ ಸುತ್ಬೋದಲ್ವಾ?" ಎಂದೆ ಮೆಲ್ಲಗೆ. ಹಿಂದಿನ ದಿನದಿಂದ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಆಗ ಹೊರಬಂತು.

"ಸುತ್ಬೋದು. ಆದ್ರೆ ಆಗ ನಿಮ್ ಕೈ ಖಾಲಿ ಇರ್ತದಲ್ಲ."

ನಾಲ್ಕು ದಿನವಾಯಿತು. ಬಿಚ್ಚಿದ್ದಾಯಿತು, ನೆನೆಸಿದ್ದಾಯಿತು, ಈಗ ಒಣಗಿದ್ದನ್ನು ನನ್ನ ಕೈಗೆ ಹಾಕಿ ಉಂಡೆ ಸುತ್ತುವ ಹಂತ. ಇವತ್ತು ನಂಜಮ್ಮನವರು ಮೊಸರಿನ ಹೆಪ್ಪು ಕೇಳಲು ಬಂದವರು, ಕೈ ಚಾಚಿ ಕೂತ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ನನ್ನ ಮೂಗು ತುರಿಸುತ್ತಿತ್ತು, ಕೆರೆದುಕೊಳ್ಳಲು ಕೈಯಿಲ್ಲ.

"ಮೇಷ್ಟ್ರು ಏನ್ ಮಾಡ್ತಾವ್ರೆ?" ಎಂದು ಅವರು ಪಾರ್ವತಿಯನ್ನು ಕೇಳಿದರು.

ಪಾರ್ವತಿ ಉಂಡೆಯಿಂದ ಕಣ್ಣೆತ್ತದೆ ಹೇಳಿದಳು. "ಏನೂ ಮಾಡ್ತಿಲ್ಲ ನಂಜಮ್ಮ. ಅದಕ್ಕೇ ಕೆಲ್ಸ ಚೆನ್ನಾಗ್ ನಡೀತಾ ಅದೆ."